ಎರಡು ಸಲ ಉಪ್ಪು ಬಿದ್ದ ಬ್ಯಾಸಗಿ

ಮೊನ್ನೆ ಬೈಲಹೊಂಗಲ ಬಜಾರದಾಗ ಎಣ್ಣಿ ಅಂಗಡಿ ಮುಂದ ಹಾದು ಹೊಂಟಿದ್ದೆ. ಯಾರೋ ಔಡಲೆಣ್ಣಿ ಡಬ್ಬಿ ತಗದ್ರು, ವಾಸನಿ ಗಪ್ಪನೆ ಮೂಗಿಗೆ ಬಡೀತು. ನಡುರಸ್ತೆದಾಗ ನಿಂತು ಒಬ್ಬನೇ ನಕ್ಕೆ. ಹಿಂದ ಮೋಟರ್ ಸೈಕಲ್ ಮ್ಯಾಲ ಬರಾಂವ, "ಏನ್ರೀ ಭಟ್ರ, ರಸ್ತೆ ಕೊಂಡ್ಕೊಂಡೀರೇನು?" ಅಂತ ಬೈದು ಹೋದ. ಬೈಲಿ ಪಾಪ, ಅವನಿಗೇನು ಗೊತ್ತು! ನನ್ನ ತಲಿಗೆ ಅರ್ಧ ಬಟ್ಟಲ ಔಡಲೆಣ್ಣಿ ಬಿದ್ದದ್ದು, ಅದರ ಸಲುವಾಗಿ ಹುಬ್ಬಳ್ಳಿ ದವಾಖಾನಿಯೊಳಗ ನಾ ಮಂಗ್ಯಾ ಆದದ್ದು, ಅದಕ್ಕೂ ಮೊದಲು ಸವದತ್ತ್ಯಾಗ ಮಾನ ಕಳಕೊಂಡದ್ದು, ಎಲ್ಲಾ ಒಂದೇ ಬ್ಯಾಸಗಿಯೊಳಗ. ಅಂಥಾ ಬ್ಯಾಸಗಿ ಮತ್ತೊಂದು ಬರೋದು ಬ್ಯಾಡ. ಬಂದದ್ದು ಮಾತ್ರ ಛಲೋನೇ ಆತು ಅಂತ ಈಗ ಅನಸ್ತದ.

ನಾ ಅಡಗಿ ಮಾಡಾಂವ. ಮದವಿ, ಮುಂಜಿವಿ, ಸೀಮಂತ, ಸಮಾರಾಧನಿ, ಏನಿದ್ರೂ ಬೈಲಹೊಂಗಲ, ಸವದತ್ತಿ, ಕಿತ್ತೂರು, ರಾಮದುರ್ಗದ ಕಡೆ ನಮ್ಮ ಮಂದಿ "ವಾಸಣ್ಣನ್ನ ಕರೀರಿ" ಅಂತಾರ. ನಮ್ಮ ಅಜ್ಜ ಪುರಾಣ ಹೇಳತಿದ್ದ. ಅಪ್ಪ ಪುರಾಣ ಬಿಟ್ಟು ಸೌಟು ಹಿಡದ. "ಪುರಾಣ ಕೇಳಲಿಕ್ಕೆ ಕೂತವರು ನಿದ್ದಿ ಹೊಡೀತಾರ, ಊಟಕ್ಕ ಕೂತವರು ಯಾರೂ ನಿದ್ದಿ ಹೊಡಿಯಂಗಿಲ್ಲ" ಅಂತಿದ್ದ. ನಾ ಹತ್ತನೇತ್ತಾ ಮುಗಿಸಿ ಅಪ್ಪನ ಕೂಡ ಒಲಿ ಮುಂದ ನಿಂತಾಂವ, ಈಗ ನಲವತ್ತು ದಾಟೇದ.

ನಮ್ಮ ಅಡಗಿಗೆ ಒಂದು ಕಟ್ಟು ಅದ. ದೇವರಿಗೆ ನೈವೇದ್ಯ ಆಗೋತನಕ ಅಡಗಿ ಮಾಡಾಂವ ರುಚಿ ನೋಡೋಹಂಗಿಲ್ಲ. ನಾಲಿಗಿಗೆ ಒಂದು ಹನಿ ತಾಕಿತಂದ್ರ ಕೊಪ್ಪರಿಗಿ ತುಂಬ ಎಂಜಲು. ಎಲಿಗೆ ಎಲ್ಲಾ ಬಡಿಸಿ, ನೈವೇದ್ಯ ತೋರಿಸಿ, ಮಂದಿ ಕೈ ಹಾಕಿದ ಮ್ಯಾಲೇ ಉಪ್ಪು ಹೆಚ್ಚೋ ಕಡಿಮಿನೋ ಅನ್ನೋದು ಜಗತ್ತಿಗೆ ತಿಳೀಬೇಕು. ಹಿಂಗಾಗಿ ನಮ್ಮದೆಲ್ಲಾ ಕಣ್ಣು, ಮೂಗು, ಮುಷ್ಟಿ ಮ್ಯಾಲೇ. ಇಷ್ಟು ಮಂದಿಗೆ ಇಷ್ಟು ಬ್ಯಾಳಿ, ಇಷ್ಟು ಬ್ಯಾಳಿಗೆ ಇಷ್ಟು ಮುಷ್ಟಿ ಉಪ್ಪು, ಅದು ನನ್ನ ಬಾಯಿಪಾಠ. ಬರದು ಇಟ್ಟದ್ದು ಒಂದು ಚೀಟಿ ಇಲ್ಲ. ತಲಿಯೊಳಗ ಇದ್ದದ್ದಕ್ಕ ಚೀಟಿ ಯಾಕ ಅಂತ ಬಡಿವಾರ ಬ್ಯಾರೆ.

ನನ್ನ ಕೂಡ ಹದಿನೈದು ವರ್ಷದಿಂದ ಪದ್ದಕ್ಕ ಇದ್ಲು. ದೊಡವಾಡದಾಕಿ, ಗಂಡ ಸತ್ತ ಮ್ಯಾಲ ತಮ್ಮನ ಮನಿಯೊಳಗ ಇರತಿದ್ಲು. ನನಗಿಂತ ಹತ್ತು ವರ್ಷ ದೊಡ್ಡಾಕಿ. ಮಾತು ಕಡಿಮಿ, ಆಡಿದ್ರ ಮೆಣಸಿನಕಾಯಿ. ಒಗ್ಗರಣಿ, ಹೂರಣ, ಪಲ್ಯ ಆಕಿದು. ಹುಳಿ, ಸಾರು, ಬುಂದೆ, ಮತ್ತ ಎಲ್ಲಾದಕ್ಕೂ ಉಪ್ಪು ಹಾಕೋ ಹಕ್ಕು ನಂದು. ಪಾತ್ರಿ ಪಡಗಾ ಹೊರಲಿಕ್ಕೆ ದಸ್ತಗೀರನ ಟೆಂಪೋ. ದಸ್ತಗೀರ ನನ್ನ ಸಾಲಿ ಗೆಳೆಯಾ. ಸಾಲಿಯೊಳಗ ಹೆಸರು ಹಿಡದು ಕರೀತಿದ್ದ, ಸ್ಟೇರಿಂಗ್ ಹಿಡದ ಮ್ಯಾಲ ಅವನ ಬಾಯಾಗೂ ನಾ ಭಟ್ರ ಆದೆ. ಅಡಗಿಮನಿ ಹೊಸ್ತಿಲ ಹೊರಗ ಕುರ್ಚಿ ಹಾಕ್ಕೊಂಡು ಕೂತು ಮೊದಲನೇ ಪಂಗತಿಯಿಂದ ಕಡೀ ಪಂಗತಿತನಕ ನಮಗ ಬುದ್ಧಿ ಹೇಳತಿದ್ದ.

ಆ ಬ್ಯಾಸಗಿಗಿಂತ ಎರಡು ವರ್ಷ ಮೊದಲು ನನ್ನ ಎಡಗಣ್ಣು ಮಂಜಾತು. ಆಮ್ಯಾಲ ಎಡಗಾಲಿಗೆ ಜೋಮು. ಹುಬ್ಬಳ್ಳಿಯೊಳಗ ಸ್ಕ್ಯಾನ್ ಮಾಡಿ ಮಲ್ಟಿಪಲ್ ಸ್ಕ್ಲೆರೋಸಿಸ್ ಅಂದ್ರು. ಮಿದುಳಿನ ನರದ ಮ್ಯಾಲಿನ ಹೊದಿಕಿ ಅಲ್ಲಲ್ಲೇ ಕಿತ್ತು ಹೋಗತದಂತ. "ಮಿಕ್ಸರ್ ವೈರಿನ ರಬ್ಬರ್ ಕಿತ್ತಂಗೇನ್ರಿ?" ಅಂತ ಕೇಳಿದೆ. "ಹಂಗೇ ತಿಳಕೋರಿ" ಅಂದ್ರು. ಔಷಧ ಶುರು ಆತು, ಕಣ್ಣು ತಿಳಿ ಆತು, ಕಾಲೂ ಮಾತು ಕೇಳಲಿಕ್ಕೆ ಹತ್ತಿತು. ಒಲಿ ಮುಂದ ಭಾಳ ಹೊತ್ತು ನಿಂತ್ರ ಮಾತ್ರ ಮತ್ತ ಜೋಲಿ ಹೋಗತಿತ್ತು. ನನ್ನ ಹೆಂಡತಿ ಸುಧಾ, ನಮ್ಮ ಅವ್ವ, ದಸ್ತಗೀರ, ಇಷ್ಟು ಮಂದಿ ಬಿಟ್ರ ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆ ಕಾಲಿನ ನರ ಹಿಡದದ ಅಂತಿದ್ದೆ. ಅಡಗಿಯವನಿಗೆ ಮಿದುಳಿನ ಬ್ಯಾನಿ ಅದ ಅಂದ್ರ ಯಾರು ಮನಿಗೆ ಕರದಾರು?

ಆ ವರ್ಷ ಯುಗಾದಿ ಆಗಿ ವಾರಕ್ಕ ಸವದತ್ತ್ಯಾಗ ಒಂದು ಮುಂಜಿವಿ. ಬಿಸಲು ಹಂಚು ಕಾದಂಗ ಕಾದಿತ್ತು. ಅಡಗಿಮನಿಗೆ ಒಂದೇ ಕಿಟಕಿ. ಮೂರು ಭಟ್ಟಿ ಉರೀಲಿಕ್ಕೆ ಹತ್ತಿದ್ವು. ಹುಳಿಗೆ ಉಪ್ಪು ಹಾಕೋ ಹೊತ್ತಿಗೆ ಒಬ್ಬಾಂವ ಬಂದು ಮಜ್ಜಿಗಿ ಎಷ್ಟು ಕೊಡ ತರಬೇಕು ಅಂತ ಕೇಳಿದ. ಹೇಳಿದೆ. ಅವನ ಹಿಂದ ಇನ್ನೊಬ್ಬಾಂವ ಹಾಕಿ ಉಳದ ಬಾಳಿ ಎಲಿ ಎಲ್ಲೆ ಇಡಬೇಕು ಅಂತ ಕೇಳಿದ. ಅದನ್ನೂ ಹೇಳಿದೆ. ನನಗ ನೆನಪಿದ್ದದ್ದು ಇಷ್ಟು: ಹುಳಿಗೆ ಉಪ್ಪು ಹಾಕಿದೆ, ಒಂದು ಸಲ. ಬೇಕಾದ್ರ ಪ್ರಮಾಣ ಮಾಡತಿದ್ದೆ.

ನೈವೇದ್ಯ ಆತು. ಮೊದಲನೇ ಪಂಗತಿ ಕೈ ಹಾಕಿತು. ಒಮ್ಮೆಲೆ ಮಾತು ನಿಂತ್ವು. ಆಮ್ಯಾಲ ನಾಕೂ ಕಡೆಯಿಂದ, "ನೀರು ತರ್ರಿ, ನೀರು!" ಒಬ್ಬ ಹಿರಿಯರು ಹುಳಿ ಅನ್ನ ಎಲಿ ಅಂಚಿಗೆ ಸರಿಸಿ, "ನಮಗ ಹೋಗ್ಲಿ ಬಿಡೋ ವಾಸಣ್ಣಾ, ನೀರರ ಸಿಗತಾವ. ದೇವರು ನಮಗಿಂತ ಮೊದಲು ಉಂಡಾನಲ್ಲ, ಅವನ ಗತಿ ಏನು?" ಅಂದ್ರು. ಪಂಗತಿಗೆ ಪಂಗತಿನೇ ನಕ್ಕಿತು. ಮುಂಜಿವಿ ಯಜಮಾನರು ಬಂದು ಮುಖ ಗಂಟು ಹಾಕ್ಕೊಂಡು ನಿಂತ್ರು. ನಾ ಅಂದೆ, "ಇದು ನನ್ನ ಕೈ ಅಲ್ರಿ. ನಾ ಹಾಕಿದ್ದೆ, ಪದ್ದಕ್ಕ ನೋಡದೇ ಮತ್ತ ಹಾಕ್ಯಾಳ."

ಪದ್ದಕ್ಕ ಹೊಸ್ತಿಲದಾಗ ಸೌಟು ಹಿಡಕೊಂಡು ನಿಂತಿದ್ಲು. ಎಲ್ಲಾರೂ ಆಕಿ ಕಡೆ ತಿರುಗಿದ್ರು. ಆಕಿ ನನ್ನ ಮುಖ ಒಂದೇ ಸಲ ನೋಡಿ, ತುಟಿ ಬಿಚ್ಚದ ಒಳಗ ಹೋದ್ಲು. ಎರಡನೇ ಪಂಗತಿಗೆ ಬ್ಯಾರೆ ಬ್ಯಾಳಿ ಬೇಯಿಸಿ, ಹುಣಸಿಹಣ್ಣು ಹಿಂಡಿ, ಬೆಲ್ಲ ಹಾಕಿ ಆಕಿನೇ ಹುಳಿ ದಾರಿಗೆ ತಂದ್ಲು. ಸಂಜಿಗೆ ಬೈಲಹೊಂಗಲ ಬಸ್ ಸ್ಟ್ಯಾಂಡಿನಾಗ ಟೆಂಪೋ ಇಳದು, "ವಾಸೂ, ಇನ್ನ ನನ್ನ ಹಾದಿ ನೋಡಬ್ಯಾಡ" ಅಂದು ದೊಡವಾಡ ಬಸ್ ಹತ್ತಿದ್ಲು. ಮಾಡೋದು ಮಾಡಿ ಮ್ಯಾಲ ಸಿಟ್ಟು ನೋಡು ಆಕಿದು, ಅಂತ ನಾ ದಸ್ತಗೀರನ ಮುಂದ ಅಂದೆ. ಅವ ಗೇರ್ ಹಾಕಿದ.

ಆಕಿ ಹೋದ ಮ್ಯಾಲ ನನ್ನ ಅಡಗಿಗೆ ದಿಕ್ಕು ತಪ್ಪಿತು. ರಾಮದುರ್ಗದಾಗ ಒಂದು ಸಣ್ಣ ಪೂಜಾದ ಅಡಗಿ, ಐವತ್ತು ಎಲಿ ಅಷ್ಟೇ. ಬುಂದೆ ಕಾಳು ಎಣ್ಣ್ಯಾಗ ಕೆಂಪಾಗಲಿಕ್ಕೆ ಹತ್ತ್ಯಾವ, ಝಾರಿ ಕೊಡು ಅನ್ನಬೇಕು, ಝಾರಿ ಅನ್ನೋ ಶಬ್ದ ಬಾಯಿಗೆ ಬರವಲ್ದು. "ಅದು… ತೂತಿಂದು… ಅದನ್ನ ಕೊಡು" ಅಂತ ಕೈ ಝಾಡಿಸಿದೆ. ಹುಟ್ಟಿದಾಗಿನಿಂದ ಕೈಯಾಗ ಹಿಡದ ಸಾಮಾನು! ಮನಿಯೊಳಗ ಹಾಲು ಬಂತೇನು ಅಂತ ಸುಧಾನ್ನ ಮೂರು ಸಲ ಕೇಳತಿದ್ದೆ. ಇಬ್ಬರು ಕೂಡೇ ಮಾತಾಡಿದ್ರ ಇಬ್ಬರದೂ ತಿಳೀತಿರಲಿಲ್ಲ. ಯಾರಾದ್ರೂ ಏನರ ಕೇಳಿದ್ರ ಉತ್ತರ ಗೊತ್ತಿದ್ರೂ ಬಾಯಿಗೆ ಬರೋದ್ರಾಗ ಅವರು ಎದ್ದು ಹೋಗಿರತಿದ್ರು.

ಅಷ್ಟರಾಗ ಕಿತ್ತೂರಿನ ರಾಯರ ಫೋನ್. ವೈಶಾಖದಾಗ ಅವರ ಮಗಳ ಮದವಿ, ನಾಕ್ನೂರು ಎಲಿ, ಆರು ತಿಂಗಳ ಹಿಂದೇ ನನಗ ವೀಳ್ಯ ಕೊಟ್ಟಿದ್ರು. "ವಾಸಣ್ಣಾ, ಸವದತ್ತಿ ಸುದ್ದಿ ಕೇಳಿದ್ವಿ. ನೀ ಬಾ, ಆದ್ರ ಆ ಹೆಣ್ಣುಮಗಳನ್ನ ಮಾತ್ರ ಕರಕೊಂಡು ಬರಬ್ಯಾಡಪಾ" ಅಂದ್ರು. "ಆತ್ರಿ" ಅಂದೆ.

ಸುಧಾ ಬಾಜೂಕ ನಿಂತು ಕೇಳಿದ್ಲು. "ಪದ್ದಕ್ಕ ಹಾಕಿದ್ದು ನೀವು ನೋಡೀರೇನು?"

"ನಾ ಎರಡನೇ ಸಲ ಹಾಕಿಲ್ಲಂದ ಮ್ಯಾಲ ಮತ್ಯಾರು ಹಾಕ್ಯಾರು?"

"ಹಾಲು ಬಂತೇನು ಅಂತ ಇವತ್ತು ಎಷ್ಟು ಸಲ ಕೇಳೀರಿ?"

"ಒಂದು ಸಲ."

ಸುಧಾ ಒಳಗ ಹೋಗಿ ಹುಬ್ಬಳ್ಳಿ ದವಾಖಾನಿಗೆ ಫೋನ್ ಹಚ್ಚಿದ್ಲು. ಅಲ್ಲೆ ನನ್ನ ನೋಡತಿದ್ದ ಡಾಕ್ಟರ್ ಬಾಯಾರು ನನ್ನಂಥಾವರ ಮರವಿನ ಮ್ಯಾಲೇ ಅಭ್ಯಾಸ ನಡಿಸಿದ್ರು. "ಕರಕೊಂಡು ಬರ್ರಿ. ಮಿದುಳು ಹೆಂಗ ಕೆಲಸ ಮಾಡತದ ಅಂತ ತಂತಿ ಹಚ್ಚಿ ನೋಡೋಣು. ತಲಿ ತೊಳಕೊಂಡು ಬರಬೇಕು, ಎಣ್ಣಿ ಮಾತ್ರ ಹಚ್ಚಬಾರದು" ಅಂದ್ರಂತ.

ಸುಧಾ ನನಗ ಹೇಳಿದ್ಲು. ಅವ್ವಗೂ ಹೇಳಿದ್ಲು. ಮರುದಿನ ಮುಂಜಾನೆ ಸುಧಾ ಜಳಕಕ್ಕ ಹೋದಾಗ ಅವ್ವ ಬಟ್ಟಲ ಹಿಡಕೊಂಡು ಬಂದ್ಲು. "ತಲಿ ತೊಳದು ಒಣಾ ತಲೀಲೇ ಹೊರಗ ಹೋಗೋದು ಸೂತಕದಾಗ. ಪರೀಕ್ಷಾ ಅಂತೀರಿ, ತಲಿ ತಂಪಿರಬ್ಯಾಡೇನು? ಬಗ್ಗು" ಅಂದು ಅರ್ಧ ಬಟ್ಟಲ ಔಡಲೆಣ್ಣಿ ನೆತ್ತಿಗೆ ಸುರದು ತಿಕ್ಕಿದ್ಲು. ನಾ ಆನಂದವಾಗಿ ತಿಕ್ಕಿಸಿಕೊಂಡೆ. ಎಣ್ಣಿ ಬ್ಯಾಡ ಅಂದಿದ್ದು ನನಗ ನೆನಪೇ ಇಲ್ಲ. ಮರವಿನ ಪರೀಕ್ಷಾಕ್ಕ ಹೊಂಟಾಂವ ನಾನು!

ಮ್ಯಾಲ ಟೊಪ್ಪಿಗಿ ಹಾಕ್ಕೊಂಡಿದ್ದೆ, ಸುಧಾಗ ಕಾಣಲಿಲ್ಲ. ಟೆಂಪೋದಾಗ ವಾಸನಿ ಬಂದಾಗ ದಸ್ತಗೀರ ಎಂಜಿನ್ನಿನ ಆಯಿಲ್ ಸೋರತದ ಅಂತ ಎರಡು ಸಲ ಇಳದು ನೋಡಿದ. ದವಾಖಾನಿಯೊಳಗ ತಂತಿ ಹಚ್ಚೋ ಹುಡುಗಿ ನನ್ನ ಟೊಪ್ಪಿಗಿ ತಗದು, ಬೆರಳು ಮುಟ್ಟಿಸಿ, ಹಿಂದ ಸರದ್ಲು. "ಏನ್ರಿ ಅಜ್ಜಾರ, ತಲಿಗೆ ಒಗ್ಗರಣಿ ಹಾಕ್ಕೊಂಡು ಬಂದೀರೇನು? ಇದರ ಮ್ಯಾಲ ನನ್ನ ತಂತಿ ನಿಲ್ಲತಾವೇನು?" ನಲವತ್ತೆರಡಕ್ಕೇ ಅಜ್ಜ ಆದೆ. ಸುಧಾ ಹಣಿಗೆ ಕೈ ಹಚ್ಚಿಕೊಂಡ್ಲು. ದಸ್ತಗೀರ ಶಾಂಪೂ ಚೀಟಿ ತಂದ, ನಳದ ಕೆಳಗ ತಲಿ ಇಟ್ಟು ಮೂರು ಸಲ ತೊಳದ್ವಿ. ಔಡಲೆಣ್ಣಿ ಎಲ್ಲೆ ಬಿಡತದ? ಆಮ್ಯಾಲ ನಂದೇ ವಿದ್ಯಾ: ಎಣ್ಣಿ ಕೈಗೆ ಕಡ್ಲಿಹಿಟ್ಟು ಮದ್ದು. ಅವ ಓಡಿ ಹೋಗಿ ಕಡ್ಲಿಹಿಟ್ಟೂ ತಂದ. "ಭಟ್ರ, ಇನ್ನ ಕಾದ ಎಣ್ಣಿ ಒಂದು ಇದ್ರ ಭಜಿ ಆತು ನೋಡ್ರಿ" ಅಂದ. ಅವತ್ತು ಪರೀಕ್ಷಾ ಆಗಲಿಲ್ಲ. ನಾಡದ ಬರ್ರಿ ಅಂತ ಕಳಿಸಿದ್ರು. ಮನಿಗೆ ಬಂದ್ರ ಅವ್ವ ಮುಂಬಾಗಲದಾಗೇ ಕೇಳಿದ್ಲು, "ಪಾಸಾದ್ಯೇನೋ?"

ಎರಡನೇ ಸಲ ಶೀಗಿಕಾಯಿ ಹಾಕಿ ತಿಕ್ಕಿ, ಸುಧಾನ ಕಾವಲದಾಗ ಹೋದೆ. ತಲಿ ತುಂಬ ಸಣ್ಣ ಸಣ್ಣ ಬಿಲ್ಲಿ ಅಂಟಿಸಿ, ತಂತಿ ಇಳಿಬಿಟ್ಟು, ಕಿವಿಗೆ ಹೆಡ್‌ಫೋನ್ ಹಾಕಿದ್ರು. ದಪ್ಪ ಸಪ್ಪಳ ಒಂದು, ಸಣ್ಣ ಸಪ್ಪಳ ಒಂದು. ದಪ್ಪಂದು ಮ್ಯಾಲಿಂದ ಮ್ಯಾಲ ಬರತದ, ಅದನ್ನ ಬಿಡಬೇಕು. ನಡುನಡುವ ಸಣ್ಣದು ಬರತದ, ಅದನ್ನಷ್ಟೇ ಮನಸಿನಾಗ ಎಣಿಸಬೇಕು. ಇಷ್ಟೇನಾ, ಅಂದೆ. ನಾ ಜಪಾ ಮಾಡಾಂವ, ಬೆರಳಗಣ್ಣು ಹಿಡದು ಎಣಿಸಲಿಕ್ಕೆ ಹತ್ತಿದೆ. "ಕೈ ಅಳ್ಳಾಡಸಬ್ಯಾಡ್ರಿ" ಅಂತ ಆ ಹುಡುಗಿ ಅಂದ್ಲು. ಬೆರಳು ಬಿಟ್ಟೆ, ಎಣಿಕಿ ಬಿಟ್ಟು ಹೋತು. ಮತ್ತ ಹಿಡದೆ, ಮತ್ತ ಹೋತು. ಹಿಂದಿಂದು ಒಂದು ಎಣಿಸೋದ್ರಾಗ ಮುಂದಿಂದು ಬಂದು ನಿಂತಿರತಿತ್ತು. ಆಮ್ಯಾಲ ಕಾಗದದ ಪರೀಕ್ಷಾ. ಒಂದೊಂದು ಚಿತ್ರಕ್ಕ ಒಂದೊಂದು ಅಂಕಿ, ನೋಡಿ ನೋಡಿ ಲಗೂನ ಬರೀಬೇಕು. ನಾಕ್ನೂರು ಎಲಿಗೆ ಬ್ಯಾಳಿ ಲೆಕ್ಕಾ ಹೇಳಾಂವ ನಾ, ಆ ಹಾಳಿ ಮುಂದ ಒಂದನೇತ್ತಾದ ಹುಡುಗನಂಗ ಬೆವತೆ.

ಡಾಕ್ಟರ್ ಬಾಯಾರು ಪರದೆ ಮ್ಯಾಲ ಒಂದು ಗೆರಿ ತೋರಿಸಿದ್ರು. "ನೋಡ್ರಿ, ಸಣ್ಣ ಸಪ್ಪಳ ಬಂದ ಮ್ಯಾಲ ನಿಮ್ಮ ಮಿದುಳು ಅದನ್ನ ಗುರುತು ಹಿಡದದ. ಗೆರಿ ಇಲ್ಲೆ ಏರೇದ. ಆದ್ರ ಏರಬೇಕಾದದ್ದು ಇನ್ನೂ ಮೊದಲು. ತಡಾ ಆಗೇದ. ಬರೇ ಇದೊಂದರ ಮ್ಯಾಲೇ ಎಲ್ಲಾ ಹೇಳಲಿಕ್ಕೆ ಬರಂಗಿಲ್ಲ, ಆದ್ರ ಕಾಗದದ ಪರೀಕ್ಷಾನೂ ಇದೇ ಮಾತು ಹೇಳತದ. ಎರಡು ಕೆಲಸ ಕೂಡೇ ಬಂದಾಗ ಒಂದು ಜಾರಿ ಹೋಗತದ. ಕಾವಿನಾಗ ಇನ್ನೂ ಹೆಚ್ಚು. ಇದು ನಿಮ್ಮ ಬ್ಯಾನಿದೇ ಒಂದು ಭಾಗ. ನಿಮ್ಮ ಅಲಕ್ಷ್ಯ ಅಲ್ಲ, ಹುಚ್ಚೂ ಅಲ್ಲ."

"ಹಾಕಿದ್ದು ಮರತು ಮತ್ತ ಹಾಕಬಹುದೇನ್ರಿ? ಉಪ್ಪು?"

"ಹಾಕಬಹುದು. ಹಾಕಿದ್ದು ನೆನಪಿನಾಗ ಕೂಡದೇ ಹೋಗಬಹುದು. ಒಮ್ಮೊಮ್ಮೆ ಹಾಕದೇ ಹಾಕೇನಿ ಅಂತನೂ ಅನಸಬಹುದು."

ಆಮ್ಯಾಲ ಕೇಳಬೇಕಾದದ್ದು ಕೇಳಿದೆ. "ನಾ ಇನ್ನ ಅಡಗಿ ಮಾಡಬಹುದೇನ್ರಿ?"

ಆ ಬಾಯಾರು ನಕ್ಕರು. "ಅದನ್ನ ಈ ಗೆರಿ ಹೇಳಂಗಿಲ್ಲ ವಾಸಣ್ಣಾರ. ನೀವು ಮಾಡಿ ನೋಡಿ ನನಗ ಹೇಳ್ರಿ."

ಹೊರಗ ಬಂದಾಗ ಎದಿ ಹಗರಾಗಿತ್ತು. ಖರೇ ಹೇಳತೇನಿ, ಅಂಥಾ ಸುದ್ದಿ ಕೇಳಿ ಯಾರಿಗೂ ಹಗರ ಆಗಬಾರದು. ಆದ್ರ ಒಂದು ತಿಂಗಳಿಂದ ನಾ ಯಾಕ ಹಿಂಗ ದಡ್ಡ ಆಗಲಿಕ್ಕೆ ಹತ್ತೇನಿ ಅಂತ ಒಳಗೊಳಗ ಸಾಯತಿದ್ದೆ. ಈಗ ಅದಕ್ಕ ಒಂದು ಹೆಸರು ಸಿಕ್ಕಿತು. ಹಗರ ಆದ ಎದಿಯೊಳಗ ಪದ್ದಕ್ಕನ ಮುಖ ಬಂದು ಕೂತಿತು. ಧಾರವಾಡ ದಾಟಿದ ಮ್ಯಾಲ, "ದಸ್ತಗೀರ, ದೊಡವಾಡದಾಗ ನಿಲ್ಲಸು" ಅಂದೆ. "ಈಗರ ಬುದ್ಧಿ ಬಂತಲ್ಲ" ಅಂದ ಅವ. ಸುಧಾ ಕಿಟಕಿ ಕಡೆ ಮುಖ ಮಾಡಿ ನಗಲಿಕ್ಕೆ ಹತ್ತಿದ್ಲು.

ಪದ್ದಕ್ಕ ಪಡಸಾಲಿಯೊಳಗ ಜೋಳ ಹಸನ ಮಾಡಲಿಕ್ಕೆ ಹತ್ತಿದ್ಲು. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ನಾ ಬ್ಯಾನಿ ಕಥಿ ಎಲ್ಲಾ ಹೇಳಿದೆ. ಕಡೀಕ, "ಪದ್ದಕ್ಕಾ, ಸವದತ್ತ್ಯಾಗ ಎರಡನೇ ಸಲದ ಉಪ್ಪು ನಾನೇ ಹಾಕಿರಬಹುದು" ಅಂದೆ. ಹಾಕಿದ್ದೆ ಅನ್ನಲಿಕ್ಕೆ ಬಾಯಿ ಬರಲಿಲ್ಲ. ಒಂದು ಸಲ ಹಾಕಿದ್ದು ಕಣ್ಣ ಮುಂದ ಇನ್ನೂ ಕಟ್ಟಿದಂಗಿತ್ತು.

"ಇರಬಹುದು" ಅಂದ್ಲು, ಜೋಳದಾಗಿನ ಹಳ್ಳು ಆರಿಸಿಕೋತ.

"ಕಿತ್ತೂರಿಗೆ ಬಾ. ನೀ ಇಲ್ಲದ ನಾಕ್ನೂರು ಎಲಿ ನನ್ನ ಕಡೆ ಆಗಂಗಿಲ್ಲ. ರಾಯರು ಬ್ಯಾಡ ಅಂದಾರ, ನಾ ನೋಡಕೋತೇನಿ."

ಆಕಿ ಜೋಳದ ಮೊರಾ ಕೆಳಗ ಇಟ್ಟು, ನನ್ನ ಕಾಲು ನೋಡಿದ್ಲು, ಮುಖ ನೋಡಿದ್ಲು. "ಬರತೇನಿ. ಆದ್ರ ನಾ ಹೇಳಿದಂಗ ಕೇಳಬೇಕು. ನೀ ಒಲಿ ಮುಂದ ನಿಲ್ಲೋಹಂಗಿಲ್ಲ, ಕಿಟಕಿ ಬಾಜೂಕ ಕುರ್ಚಿ ಹಾಕ್ಕೊಂಡು ಕೂಡಬೇಕು. ಉಪ್ಪು ಮುಂಜಾನೆ ತಂಪು ಹೊತ್ತಿನಾಗ ನಿನ್ನ ಮುಷ್ಟೀಲೇ ಅಳದು, ಒಂದೊಂದು ಕೊಪ್ಪರಿಗಿ ಮುಂದ ಒಂದೊಂದು ಬಟ್ಟಲದಾಗ ಇಡಬೇಕು. ಹಾಕಿದ ಮ್ಯಾಲ ಬಟ್ಟಲ ಬೋರಲ ಹಾಕಬೇಕು. ಬಟ್ಟಲ ತುಂಬಿದ್ರ ಹಾಕಿಲ್ಲ, ಬೋರಲಿದ್ರ ಹಾಕೇದ. ನೀ ಏನಂದ್ರೂ ನಾ ಕೇಳಂಗಿಲ್ಲ, ಬಟ್ಟಲ ಹೇಳಿದ್ದೇ ಖರೇ."

"ಅಡಗಿ ಮುಖ್ಯ ಭಟ್ಟ ಕುರ್ಚಿ ಮ್ಯಾಲ ಕೂಡೋದೇನು? ಮಂದಿ ನಗಂಗಿಲ್ಲೇನು?"

"ಸವದತ್ತ್ಯಾಗ ನಕ್ಕದ್ದಕ್ಕಿಂತ ಕಡಿಮಿ ನಗತಾರ" ಅಂದ್ಲು. ನಾ ಉತ್ತರ ಹುಡಕೋದ್ರಾಗ ಆಕಿ ಮತ್ತ ಹಳ್ಳು ಆರಿಸಲಿಕ್ಕೆ ಹತ್ತಿದ್ಲು.

ಕಿತ್ತೂರಿನ ಮಂಗಲ ಕಾರ್ಯಾಲಯ ಹೈವೇಕ್ಕ ಹತ್ತಿಕೊಂಡು ಅದ, ಲಾರಿ ಹಾರ್ನಿಗೆ ಮಂತ್ರನೇ ಕೇಳಸಂಗಿಲ್ಲ. ರಾಯರು ಪದ್ದಕ್ಕನ್ನ ನೋಡಿ ಮುಖ ಕಿವಿಚಿದ್ರು. "ಆಕಿ ಇಲ್ಲದ ನಾ ಮಾಡಂಗಿಲ್ರಿ" ಅಂದೆ. ಮುಹೂರ್ತಕ್ಕ ನಾಕು ತಾಸು ಇದ್ದಾಗ ಅವರರ ಏನು ಮಾಡ್ಯಾರು? ದಸ್ತಗೀರ ಎಲ್ಲಿಂದಲೋ ಒಂದು ಕೂಲರ್ ತಂದು ಕಿಟಕಿಗೆ ಇಟ್ಟ. ನಾ ಕೊರಳಿಗೆ ಹಸಿ ವಸ್ತ್ರ ಸುತ್ತಿಕೊಂಡು ಕುರ್ಚಿ ಮ್ಯಾಲ ಕೂತೆ. ಮೊದಲ ಒಂದು ತಾಸು ನಾಚಿಕಿ ಆತು. ಆಮ್ಯಾಲ ಅಪ್ಪ ಯಾಕ ಈ ಸುಖ ಪಡಲಿಲ್ಲೋ ಅನಿಸಿತು. ತಲಿ ತಿಳಿ ಇತ್ತು, ಕಾಲು ಸ್ಥಿರ ಇತ್ತು. ಕೂತಲ್ಲೇ ಮೂಗೀಲೆ ಬ್ಯಾಳಿ ಬೆಂದದ್ದು, ಇಂಗು ಸುಟ್ಟದ್ದು ಎಲ್ಲಾ ಹೇಳತಿದ್ದೆ. ಎದ್ದು ಹೋಗತಿದ್ದದ್ದು ಉಪ್ಪು ಹಾಕಲಿಕ್ಕೆ ಅಷ್ಟೇ. ಸಾರಿನ ಬಟ್ಟಲ ಬೋರಲ ಆತು, ಪಲ್ಯದ್ದು ಆತು, ಕೋಸಂಬರಿದು ಆತು.

ಎಲಿ ಹಾಕ್ರಿ ಅಂತ ಹೊರಗಿಂದ ಕೂಗು ಬಂತು. ಪದ್ದಕ್ಕ ಹುಳಿ ಕೊಪ್ಪರಿಗಿ ಮುಂದ ನಿಂತು, "ವಾಸೂ, ಇಲ್ಲೆ ಬಾ" ಅಂದ್ಲು. ಹುಳಿ ಬಟ್ಟಲ ತುಂಬಿತ್ತು.

"ಹುಳಿಗೆ ಹಾಕೇನಲ್ಲ" ಅಂದೆ.

"ಬಟ್ಟಲ ತುಂಬೇದ."

"ಯಾರೋ ಮತ್ತ ತುಂಬ್ಯಾರ. ನಾ ಹಾಕೇನಿ ಪದ್ದಕ್ಕಾ. ಹಾಕೋ ಮುಂದ ದಸ್ತಗೀರ ಹೊಸ್ತಿಲದಿಂದ ನನ್ನ ಕರದ. ಉಪ್ಪು ಸುರದ ಸಪ್ಪಳ ಇನ್ನೂ ಕಿವಿಯಾಗ ಅದ."

ಬಡಸೋರು ಖಾಲಿ ಬಕೆಟ್ ಹಿಡಕೊಂಡು ನಿಂತಿದ್ರು. ನಾಲಿಗಿಗೆ ಒಂದು ಹನಿ ಇಟ್ಟುಕೊಂಡ್ರ ಮುಗದು ಹೋಗತಿತ್ತು, ಆದ್ರ ಹಂಗ ಮಾಡೋಹಂಗಿಲ್ಲ. ಹಾಕಿದ್ದು ಖರೇ ಇದ್ದು ಮತ್ತ ಹಾಕಿದೆ ಅಂದ್ರ ನಾಕ್ನೂರು ಎಲಿ ಮುಂದ ಮತ್ತೊಂದು ಸವದತ್ತಿ, ಅಲ್ಲಿಗೆ ನನ್ನ ಅಡಗಿ ಮುಗೀತು. ನನ್ನ ನೆನಪು ಎದಿ ತಟ್ಟಿಕೊಂಡು ಹಾಕಿದಿ, ಹಾಕಿದಿ ಅಂತಿತ್ತು. ಬಟ್ಟಲ ಸುಮ್ಮನ ಕೂತಿತ್ತು.

"ನೀ ಏನಂತಿ?" ಅಂದೆ.

"ನಾ ಏನೂ ಅನ್ನಂಗಿಲ್ಲ. ಕೈ ನಿಂದು."

ಬಟ್ಟಲ ಎತ್ತಿ ಹುಳಿಗೆ ಸುರದೆ. ಬೋರಲ ಹಾಕಿದೆ.

ನೈವೇದ್ಯ ಆಗೋತನಕ ಕಂಬದ ಹಿಂದ ನಿಂತಿದ್ದೆ. ಪಂಗತಿ ಕೈ ಹಾಕಿತು. ಮಾತು ನಿಲ್ಲಲಿಲ್ಲ. ಯಾರದೋ ಮಗ ಯಾವ ಸಾಲ್ಯಾಗ, ಯಾರ ಮನಿ ಕಟ್ಟೋದು ಎಲ್ಲಿಗೆ ಬಂತು, ಹಂಗೇ ನಡದಿತ್ತು. ಆಮ್ಯಾಲ ಒಬ್ಬರು, "ಏ, ಹುಳಿ ಈ ಕಡೆ ತಾ!" ಅಂದ್ರು. ಮತ್ತೊಬ್ಬರು ಅಂದ್ರು. ನಾ ಕಂಬ ಹಿಡಕೊಂಡೆ. ಉಪ್ಪಿನ ಮಾತು ಯಾರೂ ಎತ್ತಲಿಲ್ಲ. ಅಡಗಿಯವನಿಗೆ ಅದಕ್ಕಿಂತ ದೊಡ್ಡ ಶಾಬಾಸ್ಕಿ ಇಲ್ಲ. ನನಗ ಕುಣೀಬೇಕು ಅನಿಸಿತು.

ಕುಣಿಯೋ ಮನಸಿನ ಕೆಳಗೇ ಇನ್ನೊಂದು ಮಾತು ತಿಳೀತು. ಅಂದ್ರ ನಾ ಹಾಕಿರಲೇ ಇಲ್ಲ. ಅಷ್ಟು ಚೊಕ್ಕ ನೆನಪಿದ್ದದ್ದು, ಸಪ್ಪಳ ಸುದ್ದಾ ಕೇಳಿದ್ದು, ಪೂರಾ ಸುಳ್ಳು. ಹಂಗಿದ್ರ ಸವದತ್ತ್ಯಾಗ ಒಂದೇ ಸಲ ಹಾಕಿದ್ದು ಅಂತ ಪ್ರಮಾಣ ಮಾಡಲಿಕ್ಕೆ ನಿಂತಿದ್ದೆನಲ್ಲ, ಅದರ ಕಿಮ್ಮತ್ತೇನು?

ಅದೇ ಹೊತ್ತಿಗೆ ಪಂಗತಿಯಾಗ ಕೂತಿದ್ದ ರಾಯರ ಅಕ್ಕ, ಜೋರು ದನಿಯಾಕಿ, ನನ್ನ ನೋಡಿ ಅಂದ್ರು: "ವಾಸಣ್ಣಾ, ಹುಳಿ ಭಾಳ ರುಚಿ ಆಗೇದಪಾ. ಈ ಸಲ ಪದ್ದಿನ್ನ ಉಪ್ಪಿನ ಡಬ್ಬಿ ಹತ್ರ ಬಿಟ್ಟಿಲ್ಲಂತ ಕಾಣಸ್ತದ!" ಅತ್ತಲಿತ್ತಲ ಎಲ್ಲಾರೂ ನಕ್ಕರು.

ನಾ ಕಂಬ ಬಿಟ್ಟು ಪಂಗತಿ ನಡುವ ಬಂದೆ. "ಅಕ್ಕಾರ, ಇವತ್ತಿನ ಉಪ್ಪು ನಾ ಹಾಕೇನಿ. ಸವದತ್ತ್ಯಾಗೂ ನಾನೇ ಹಾಕಿದ್ದೆ, ಎರಡು ಸಲ. ಪದ್ದಕ್ಕ ಮುಟ್ಟಿರಲೇ ಇಲ್ಲ. ನನಗ ಮಿದುಳಿನ ನರದ ಬ್ಯಾನಿ ಅದ, ಮಾಡಿದ್ದು ಮರೀತೇನಿ. ಮರತು ಆಕಿ ತಲಿಗೆ ಕಟ್ಟಿದೆ. ಇವತ್ತು ನೀವು ಉಂಡ ಹುಳಿ ಆಕಿ ಇದ್ದದ್ದಕ್ಕ ಹಿಂಗ ಆಗೇದ" ಅಂದೆ. ಶಬ್ದ ಒಂದೂ ತಪ್ಪಲಿಲ್ಲ.

ರಾಯರು ನೀರಿನ ತಂಬಿಗಿ ಹಿಡಕೊಂಡು ನಿಂತಲ್ಲೇ ನಿಂತ್ರು. ಅವರ ಅಕ್ಕ ನನ್ನ ಮುಖ ನೋಡಿದ್ರು, ಎಲಿ ನೋಡಿದ್ರು. "ಹಂಗಾರ ಪದ್ದಕ್ಕಗ ಹೇಳು, ಇನ್ನೊಂದು ಸೌಟು ಆಕಿನೇ ಬಂದು ಬಡಸಬೇಕು" ಅಂದ್ರು. ಈ ಸಲ ಹೆಸರು ಪೂರಾ ಹಿಡದಿದ್ರು.

ಒಳಗ ಹೋದ್ರ ಪದ್ದಕ್ಕ ಸೌಟು ಹಿಡಕೊಂಡು ಗ್ವಾಡಿ ಕಡೆ ಮುಖ ಮಾಡಿ ನಿಂತಿದ್ಲು. ನಾ ಹೊರಗ ಆಡಿದ್ದೆಲ್ಲಾ ಕೇಳಿಸಿಕೊಂಡಿದ್ಲು.

"ಮಂದಿ ಮುಂದ ಅಷ್ಟು ಒದರೋದು ಏನಿತ್ತು? ನಾಳೆ ನಿನ್ನ ಯಾರು ಕರೀತಾರ?" ಅಂದ್ಲು.

"ಕರದ್ರ ಕರೀಲಿ, ಬಿಟ್ರ ಬಿಡಲಿ. ಸವದತ್ತ್ಯಾಗೇ ಹೇಳಬೇಕಾಗಿತ್ತು. ಆದ್ರ ದೇವರಾಣಿ ಪದ್ದಕ್ಕಾ, ಅವತ್ತು ನನಗ ಗೊತ್ತಿರಲಿಲ್ಲ."

"ನನಗ ಗೊತ್ತಿತ್ತು."

ನಾ ಆಕಿ ಮುಖ ನೋಡಿದೆ.

"ನೀ ಎರಡನೇ ಸಲ ಮುಷ್ಟಿ ಎತ್ತಿದ್ದು ನಾ ನೋಡಿದೆ. ಕೈ ಹಿಡೀಬೇಕಂತ ಓಡಿ ಬಂದೆ, ಅಷ್ಟರಾಗ ಬಿದ್ದು ಹೋಗಿತ್ತು. ಬ್ಯಾಳಿ ಬೆರಸೋಣಂದ್ರ ಬಡಸೋರು ಬಕೆಟ್ ತುಂಬಿಕೊಂಡು ಹೊಂಟಿದ್ರು."

"ಮತ್ತ ನಾ ಎಲ್ಲಾರ ಮುಂದ ನಿನ್ನ ಹೆಸರು ಹೇಳಿದಾಗ ಯಾಕ ಸುಮ್ಮನಿದ್ದಿ?"

"ಪದ್ದಿ ಉಪ್ಪು ಹೆಚ್ಚು ಹಾಕಿದ್ಲಂದ್ರ ಮಂದಿ ನಾಕು ದಿನ ನಗತಾರ, ಬಿಡತಾರ. ವಾಸಣ್ಣನ ತಲಿ ನೆಟ್ಟಗಿಲ್ಲ ಅಂದ್ರ ಬಿಡತಾರೇನು?" ಸೆರಗೀಲೆ ಮೂಗು ಒರಸಿಕೊಂಡ್ಲು. "ನೀ ಸುಳ್ಳು ಹೇಳಿದ್ರ ಅಲ್ಲೇ ಜಗಳಾ ತಗೀತಿದ್ದೆ. ನೀ ಖರೇನೇ ಹಂಗ ನಂಬಿದ್ದಿ ವಾಸೂ. ಅದನ್ನ ನೋಡಿ ನನಗ ಹೆದರಿಕಿ ಆತು. ಅದಕ್ಕ ಊರಿಗೆ ಹೋದೆ."

ಹೊರಗಿಂದ ಹುಳಿ, ಹುಳಿ ಅಂತ ಕೂಗು ಬಂತು. ಆಕಿ ಬಕೆಟ್ ಎತ್ತಿಕೊಂಡು, ಸೆರಗು ಸೊಂಟಕ್ಕ ಬಿಗದು, ಪಂಗತಿ ಕಡೆ ನಡದ್ಲು.